ಸೋದರಮಾವ ಇನ್ನೂ ಉಂಡಿಲ್ಲ

ನನ್ನ ತಂದೆ ಸೋಮನಾಥ್ ಅವರು ತಮ್ಮ ಇಡೀ ಸೇವಾವಧಿಯಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನೂ ಮುನ್ನಡೆಸಿದವರಲ್ಲ. ಕಚೇರಿಯಲ್ಲಿ ಅವರ ಮೇಲೆ ಏಳು ಮಂದಿ ಅಧಿಕಾರಿಗಳಿದ್ದರು. ಅವರ ಕೆಳಗೆ ಒಂದು ಕುರ್ಚಿ ಇತ್ತು. ಹೀಗಿರುವಾಗ ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಗಳ ಜೊತೆಗೆ ನಾಯಕತ್ವವನ್ನು ಕಲಿಸುವ ಪುಸ್ತಕಗಳ ಒಂದು ಕಟ್ಟನ್ನೂ ಕೊಟ್ಟದ್ದು ಏಕೆಂಬುದು ನಮ್ಮ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಬೇರೆ ಯಾರಿಗೋ ಹೋಗಬೇಕಾದದ್ದು ತಪ್ಪಿ ಇವರ ಕೈಗೆ ಬಂದಿದೆ ಎಂಬುದು ಅಮ್ಮನ ವಾದ. ಅಪ್ಪ ಮಾತ್ರ ಅದನ್ನು ತಡವಾಗಿ ಬಂದ ಬಡ್ತಿಯೆಂದೇ ಸ್ವೀಕರಿಸಿದರು.

ಬನಶಂಕರಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು, ಪೆನ್ಸಿಲಿನಿಂದ ಅಡಿಗೆರೆ ಎಳೆಯುತ್ತಾ, ಅವರು ಆ ಪುಸ್ತಕಗಳನ್ನು ಪರೀಕ್ಷೆಗೆ ಕೂರುವವರಂತೆ ಓದಿದರು. ನಾನು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರೆ; ನೀರಿನ ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಯಾವುದೇ ಸಿದ್ಧಾಂತವನ್ನು ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡುವುದು ಕ್ಷೇಮ ಎಂದು ಸಲಹೆ ಕೊಟ್ಟೆ. ಅಪ್ಪ ಅಡುಗೆಮನೆಯಿಂದ ಆರಂಭಿಸಿದರು.

“ರೇಖಾ, ನಾಯಕ ಆದವನು ಅಧಿಕಾರ ಹಂಚಬೇಕಂತೆ. ಇವತ್ತಿಂದ ಅಡುಗೆಮನೆ ನಿರ್ಧಾರ ಎಲ್ಲಾ ನಿಂದೇ.”

“ನಿನ್ನೆವರೆಗೂ ಯಾರ್ದಾಗಿತ್ತು ರೀ?” ಎಂದರು ಅಮ್ಮ.

ಪ್ರಯೋಗ ಅಲ್ಲಿಗೆ ಮುಗಿಯಿತು. ಆದರೆ ಎರಡು ಪಾಠಗಳು ಅಪ್ಪನ ಮನಸ್ಸಿನಲ್ಲಿ ಭದ್ರವಾಗಿ ನೆಲೆನಿಂತವು. ಮೊದಲನೆಯದರಲ್ಲಿ ಒಬ್ಬ ಸೇನಾಧಿಕಾರಿ ಬರುತ್ತಾನೆ. ತನ್ನ ತುಕಡಿಯ ಪ್ರತಿಯೊಬ್ಬನ ಊಟವೂ ಮುಗಿಯುವವರೆಗೆ ಆತ ತನ್ನ ತಟ್ಟೆಯನ್ನು ಮುಟ್ಟುವುದಿಲ್ಲ. ಎರಡನೆಯದರ ಸಾರಾಂಶ ಇಷ್ಟು: ನಾಯಕನಾದವನು ತನ್ನ ನಡತೆಗೆ ವಿವರಣೆ ಕೊಡುವುದಿಲ್ಲ, ಮುಗುಳ್ನಗುತ್ತಾನೆ. ಪ್ರತ್ಯೇಕವಾಗಿ ಈ ಎರಡೂ ನಿರಪಾಯಕಾರಿ ವಸ್ತುಗಳೇ. ಒಂದೇ ಪಾತ್ರೆಯಲ್ಲಿ ಬೆರೆಸಿದಾಗ ಏನಾಗುತ್ತದೆ ಎಂಬುದನ್ನು ದಾಖಲಿಸುವುದಕ್ಕಾಗಿಯೇ ಈ ಬರಹ.

ಅದಕ್ಕೆ ಮುನ್ನ ಜಯಶೀಲಾ ಅತ್ತೆಯ ವಿಷಯವನ್ನು ಹೇಳಬೇಕು. ಅತ್ತೆ ಅಪ್ಪನ ಒಬ್ಬಳೇ ಅಕ್ಕ. ತಿಲಕ್ ನಗರದ ಒಂಟಿ ಕೋಣೆಯ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಉಂಡು ಬೆಳೆದವರು. ಅಪ್ಪ ಹಪ್ಪಳವನ್ನು ಕೊನೆಯ ತುತ್ತಿಗೆಂದು ತಟ್ಟೆಯ ಅಂಚಿನಲ್ಲಿ ಎತ್ತಿಡುವುದು, ಅತ್ತೆ ಅದು ಕೊನೆಯವರೆಗೆ ಉಳಿಯಲೆಂದೇ ಕಾದಿದ್ದು ಎತ್ತಿಕೊಳ್ಳುವುದು, “ಅಕ್ಕಾ, ಅದು ನಂದು!” ಎಂದು ಅಪ್ಪ ಕಿರುಚುವುದು, “ಗೊತ್ತು, ಅದಕ್ಕೇ ತಗೊಂಡಿದ್ದು” ಎಂದು ಅತ್ತೆ ಹೇಳುವುದು, ಇದು ಆ ಮನೆಯ ನಿತ್ಯವಿಧಿ. ಮದುವೆ, ಮಕ್ಕಳು ಆದ ಮೇಲೂ ಅದು ನಿಂತಿರಲಿಲ್ಲ. ನಿಂತದ್ದು ನಮ್ಮ ಫ್ಲ್ಯಾಟಿನ ಗೃಹಪ್ರವೇಶದ ದಿನ. ಬೆಳಗಿನಿಂದ ಉಪವಾಸವಿದ್ದ ಅಪ್ಪನನ್ನು ಪೂಜೆ ಮಾಡಿಸಿದ ಅಯ್ನೋರು ಮೊದಲನೆಯ ಪಂಕ್ತಿಯಲ್ಲಿಯೇ ಕೂರಿಸಿದರು. ಆ ಹೊತ್ತಿನಲ್ಲಿ ಅತ್ತೆ ಒಳಗೆ ಪಾಯಸ ತಿರುವುತ್ತಿದ್ದರು. ಹೊರಗೆ ಬಂದಾಗ ಜನ ಕೂರುತ್ತಿದ್ದರು, ಏಳುತ್ತಿದ್ದರು. “ಅಕ್ಕಾ, ಊಟಕ್ಕೆ ಏಳು” ಎಂದು ಹೇಳಬೇಕಾದವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ಒಂದು ಲೋಟ ನೀರು ಕುಡಿದು, ಆಟೋ ಹಿಡಿದು ಹೊರಟುಹೋದರು.

ಜಗಳವಾಗಲಿಲ್ಲ. ಜಗಳವಾಗಿದ್ದರೆ ಸರಿಹೋಗುತ್ತಿತ್ತು. ಅಂದಿನಿಂದ ಅತ್ತೆ ನಮ್ಮ ಮನೆಗೆ ಬಂದರೆ “ಊಟ ಮಾಡ್ಕೊಂಡೇ ಬಂದೆ” ಎನ್ನುತ್ತಾರೆ. ಬೇರೆಯವರ ಸಮಾರಂಭಗಳಲ್ಲಿ ಅಪ್ಪನ ಎದುರು ಸಾಲಿನಲ್ಲಿ ಕೂರುತ್ತಾರೆ. ಅಪ್ಪನಿಗೆ ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳುತ್ತಾರೆ. ಅಪ್ಪ ಈಗಲೂ ಪ್ರತಿ ಊಟದಲ್ಲಿ ಹಪ್ಪಳವನ್ನು ತಟ್ಟೆಯ ಅಂಚಿಗೆ ಎತ್ತಿಡುತ್ತಾರೆ. ಸ್ವಲ್ಪ ಹೊತ್ತು ಕಾದು, ತಾವೇ ತಿಂದು ಏಳುತ್ತಾರೆ.

ಇಂತಹ ಸ್ಥಿತಿಯಲ್ಲಿ ಅತ್ತೆಯ ಮಗಳು ಸಂಗೀತಾಳ ಮದುವೆ ನಿಶ್ಚಯವಾಯಿತು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಎಲ್ಲ ಜವಾಬ್ದಾರಿಯೂ ಅತ್ತೆಯದೇ. ಒಂದು ಸಂಜೆ ನನಗೆ ಫೋನ್ ಮಾಡಿ ಕೆಲಸಗಳನ್ನು ಹಂಚುತ್ತಾ ಹೋದವರು ಕೊನೆಗೆ ಹೇಳಿದರು: “ಊಟದ ಹಾಲ್ ಉಸ್ತುವಾರಿ ನಿಮ್ಮಪ್ಪನಿಗೇ ಇರ್ಲಿ. ಜನಕ್ಕೆ ಊಟ ಹಾಕೋದ್ರಲ್ಲಿ ಅವನಿಗೆ ಒಳ್ಳೆ ಹೆಸರಿದೆಯಲ್ಲ.”

ಈ ವಾಕ್ಯದಲ್ಲಿದ್ದ ಆಮ್ಲೀಯತೆಯನ್ನು ಅಳೆಯಲು ಯಾವ ಉಪಕರಣವೂ ಬೇಕಿರಲಿಲ್ಲ. ನಾನು ಅದನ್ನು ಸಾಧ್ಯವಾದಷ್ಟು ತೆಳುಗೊಳಿಸಿ ಅಪ್ಪನಿಗೆ ದಾಟಿಸಿದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು. “ಅಕ್ಕ ನನಗೆ ಅಂತ ಹೇಳಿದ್ಲಾ? ನನ್ನ ಹೆಸರು ಹಿಡಿದು?” ಎಂದು ಕೇಳಿದರು. ಆ ರಾತ್ರಿ ಕನ್ನಡಿಯ ಮುಂದೆ ನಿಂತು ನಾಯಕನ ಮುಗುಳ್ನಗೆಯನ್ನು ಅಭ್ಯಾಸ ಮಾಡಿದರು. ಹಲ್ಲು ಕಾಣದಂತೆ ತುಟಿಗಳನ್ನು ಒಂದೇ ಬದಿಗೆ ಎಳೆಯುವ ಆ ನಗೆ, ದವಡೆಹಲ್ಲು ನೋಯುತ್ತಿರುವವರ ಮುಖಚಹರೆಗೆ ಅತ್ಯಂತ ಸಮೀಪವಾಗಿತ್ತು.

ಬನಶಂಕರಿ ಎರಡನೇ ಹಂತದ ಕಲ್ಯಾಣ ಮಂಟಪವೊಂದರಲ್ಲಿ ಮುಹೂರ್ತ ಸಾಂಗವಾಗಿ ನೆರವೇರಿತು. ಸೋದರಮಾವನಾಗಿ ಅಪ್ಪ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತಂದರು, ಅಕ್ಷತೆ ಹಾಕಿದರು, ನಂತರ ನೇರವಾಗಿ ಮಹಡಿಯ ಮೇಲಿನ ಊಟದ ಹಾಲಿನ ಬಾಗಿಲಿಗೆ ಬಂದು, ಎದೆಯ ಮೇಲೆ ಕೈಕಟ್ಟಿ ನಿಂತರು. ಮೊದಲನೆಯ ಪಂಕ್ತಿ ಕೂತಿತು. ಎದ್ದಿತು. ಎರಡನೆಯದು ಕೂತಿತು. ಅಪ್ಪ ಕದಲಲಿಲ್ಲ.

ಮೊದಲು ಗಮನಿಸಿದವರು ನಮ್ಮ ಪಕ್ಕದ ಫ್ಲ್ಯಾಟಿನ ಪರಮಶಿವಯ್ಯನವರು.

“ಏನ್ ಸೋಮನಾಥ್, ಬನ್ನಿ, ಪಕ್ಕದಲ್ಲಿ ಎಲೆ ಖಾಲಿ ಇದೆ.”

ಅಪ್ಪ ತಲೆ ಅಲ್ಲಾಡಿಸಿ, ಅಭ್ಯಾಸ ಮಾಡಿದ ನಗೆಯನ್ನು ಪ್ರಯೋಗಿಸಿದರು.

“ಯಾಕೆ? ಏನಾಯ್ತು?”

ಮತ್ತೆ ನಗೆ.

ಪರಮಶಿವಯ್ಯನವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಅವರು ಅದನ್ನು ಪಕ್ಕದವರಿಗೆ ಹೇಳಿದರು; ಪಕ್ಕದವರು ಎದುರಿನವರಿಗೆ ಹೇಳಿದರು. ಕೋಸಂಬರಿಯ ಹಿಂದೆ ಚಿತ್ರಾನ್ನ ಬರುವಷ್ಟರಲ್ಲಿ ಸುದ್ದಿ ಪಂಕ್ತಿಯ ಆ ತುದಿಯನ್ನು ಮುಟ್ಟಿತ್ತು: ಹುಡುಗಿಯ ಸೋದರಮಾವ ಮುನಿಸಿಕೊಂಡಿದ್ದಾರೆ. ಊಟ ಒಲ್ಲೆ ಅಂದಿದ್ದಾರೆ.

ಮದುವೆಮನೆಯಲ್ಲಿ ಹತ್ತಿರದ ನೆಂಟನೊಬ್ಬ ಎಲೆಯ ಮುಂದೆ ಕೂರದಿದ್ದರೆ ಅದಕ್ಕೆ ಹಸಿವಿಲ್ಲವೆಂಬ ಅರ್ಥ ನಮ್ಮವರಲ್ಲಿ ಇಲ್ಲವೇ ಇಲ್ಲ. ಅದು ದೂರು; ಯಾರ ಮೇಲೆಂಬುದನ್ನು ಉಳಿದವರೇ ಕಂಡುಹಿಡಿಯಬೇಕು. ಆದ್ದರಿಂದ ತಪ್ಪಿತಸ್ಥರು ಒಬ್ಬೊಬ್ಬರಾಗಿ ಬಾಗಿಲಿಗೆ ಬರತೊಡಗಿದರು. ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದ ದೂರದ ಚಿಕ್ಕಪ್ಪ, “ನಿನ್ನ ಹೆಸರು ಸಣ್ಣ ಅಕ್ಷರದಲ್ಲಿ ಬಂದಿದ್ದು ಪ್ರೆಸ್ಸಿನವನ ತಪ್ಪಪ್ಪಾ” ಎಂದು ಕೈಮುಗಿದರು. ಫೋಟೋಗ್ರಾಫರ್ ಬಂದು, ಧಾರೆಯ ಚಿತ್ರದಲ್ಲಿ ಅರ್ಧ ಕತ್ತರಿಸಿಹೋದ ಸೋದರಮಾವನನ್ನು ಆಲ್ಬಮ್‌ನಲ್ಲಿ ಪೂರ್ತಿ ಸೇರಿಸುವುದಾಗಿ ಮಾತುಕೊಟ್ಟ. ಅಪ್ಪ ಇಬ್ಬರಿಗೂ ವಿವರಣೆ ಕೊಡಲಿಲ್ಲ. ಇಬ್ಬರೂ ಹೆದರಿ ಹೋದರು.

ಆಮೇಲೆ ಅಡುಗೆ ಕಂಟ್ರಾಕ್ಟರ್ ಕರೆಪ್ಪ ಸೌಟು ಹಿಡಿದೇ ಬಂದರು.

“ಸಾರ್, ಸಾರಿಗೆ ಉಪ್ಪು ಜಾಸ್ತಿ ಆಯ್ತಾ?”

“ನಾನಿನ್ನೂ ತಿಂದೇ ಇಲ್ವಲ್ಲ.”

“ಅದಕ್ಕೇ ಕೇಳ್ತಿರೋದು. ತಿನ್ನದೇನೇ ಹೆಂಗೆ ಗೊತ್ತಾಯ್ತು ನಿಮ್ಗೆ?”

ಈ ಎಲ್ಲ ಹೊತ್ತಿನಲ್ಲಿ ಒಬ್ಬಟ್ಟಿನ ತಟ್ಟೆಗಳು ಅಪ್ಪನ ಮೂಗಿನ ಕೆಳಗೇ ಒಳಗೆ ಹೋಗುತ್ತಿದ್ದವು. ತುಪ್ಪದ ಪಾತ್ರೆ ಅದರ ಹಿಂದೆ. ಸೂರ್ಯಕಾಂತಿ ಬಿಸಿಲನ್ನು ಹಿಂಬಾಲಿಸುವ ವೇಗದಲ್ಲಿ ಅಪ್ಪನ ಮುಖ ಆ ತಟ್ಟೆಗಳನ್ನು ಹಿಂಬಾಲಿಸಿ ತಿರುಗುತ್ತಿತ್ತು. ಇದನ್ನೂ ಜನ ನೋಡಿದರು. “ಊಟದ ಕಡೆ ಎಂಥಾ ಸಿಟ್ಟಲ್ಲಿ ನೋಡ್ತಿದಾರೆ ನೋಡಿ” ಎಂದು ಒಬ್ಬರು ಮಕ್ಕಳನ್ನು ದೂರ ಎಳೆದುಕೊಂಡರು.

ನಾನು ಸುಮ್ಮನಿರಲಿಲ್ಲ. ನಿಜಸ್ಥಿತಿಯನ್ನು ಸ್ಪಷ್ಟ ವಾಕ್ಯಗಳಲ್ಲಿ ಎಲ್ಲರಿಗೂ ತಿಳಿಸಿದೆ: ಅಪ್ಪ ಪುಸ್ತಕ ಓದಿದ್ದಾರೆ, ಪುಸ್ತಕದಲ್ಲಿ ಒಬ್ಬ ಸೇನಾಧಿಕಾರಿ ಇದ್ದಾನೆ, ಎಲ್ಲರ ಊಟವಾದ ಮೇಲೆ ಆತ ಉಣ್ಣುತ್ತಾನೆ. ಕೇಳಿದವರು ನನ್ನ ತಲೆ ಸವರಿದರು. “ಪಾಪ, ಅಪ್ಪನ್ನ ಬಿಟ್ಟುಕೊಡಲ್ಲ ನೋಡು ಮಗು” ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಸತ್ಯಕ್ಕೆ ನಂಬಿಕೆಗೆ ಅರ್ಹವಾದ ರೂಪವೊಂದು ಇರಲೇಬೇಕು ಎಂಬ ನಿಯಮವನ್ನು ನನಗೆ ವಿಶ್ವವಿದ್ಯಾಲಯದಲ್ಲಿ ಯಾರೂ ಕಲಿಸಿರಲಿಲ್ಲ.

ಅಮ್ಮ ಬಂದರು. “ರೀ, ಸುಮ್ನೆ ಒಂದು ಎಲೆ ಮುಂದೆ ಕೂತು ಎದ್ದುಬಿಡಿ. ಜನ ಏನೇನೋ ಅಂತಿದಾರೆ.”

“ಜನ ಅನ್ನೋದು ಸಹಜ ರೇಖಾ. ಅಲ್ಲಾಡಬಾರದು.”

“ಅಕ್ಕನ ಕಿವಿಗೆ ಬಿದ್ರೆ?”

ಅಪ್ಪನ ನಗೆ ಒಂದು ಕ್ಷಣ ಸಡಿಲವಾಯಿತು. “ಅಕ್ಕ ಉಂಡ್ಲಾ?” ಎಂದು ಕೇಳಿದರು.

“ಹೆಣ್ಣಿನ ತಾಯಿ, ಬೀಗರು ಉಣ್ಣೋ ಮುಂಚೆ ಹೇಗೆ ಉಣ್ತಾರೆ?”

“ಹಾಗಾದ್ರೆ ನಾನೂ ನಿಂತಿರ್ತೀನಿ.”

ಬೀಗರು, ಅಂದರೆ ಮದುಮಗ ರೇವಂತನ ತಂದೆ ಶಂಭುಲಿಂಗಪ್ಪನವರು, ತುಮಕೂರಿನಲ್ಲಿ ಹಾರ್ಡ್‌ವೇರ್ ವ್ಯಾಪಾರಿಗಳು. ಭಾರವಾದ ಶರೀರ, ಅದಕ್ಕಿಂತ ಭಾರವಾದ ಮರ್ಯಾದೆ. ಅವರ ಪಂಕ್ತಿಗೆಂದು ಎಲೆಗಳ ಪಕ್ಕದಲ್ಲಿ ಬೆಳ್ಳಿಲೋಟ ಇಟ್ಟಾಗಿತ್ತು. ಅವರು ಬಾಗಿಲಿನವರೆಗೆ ಬಂದು, ಅಪ್ಪನನ್ನು ನೋಡಿ ನಿಂತುಬಿಟ್ಟರು.

“ಹುಡುಗಿ ಸೋದರಮಾವ ಹಸ್ಕೊಂಡು ಬಾಗಿಲಲ್ಲಿ ನಿಂತಿರೋವಾಗ ನಾವು ಒಳಗೆ ಒಬ್ಬಟ್ಟು ಮುರಿಯೋದಾ? ನಮ್ಮ ಮನೆತನದಲ್ಲಿ ಅಂಥ ಪದ್ಧತಿ ಇಲ್ಲ. ಅವರು ಉಂಡ ಮೇಲೆ ನಾವು.”

ಹೀಗೆ ಹೇಳಿ ಅವರು ತಮ್ಮ ಕಡೆಯ ಇಡೀ ಬಳಗದೊಂದಿಗೆ ಎದುರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತರು.

ಪರಿಸ್ಥಿತಿಯನ್ನು ಕ್ರಮವಾಗಿ ಪರಿಶೀಲಿಸೋಣ. ಬೀಗರು ಉಣ್ಣುವವರೆಗೆ ಅಪ್ಪ ಉಣ್ಣುವುದಿಲ್ಲ. ಅಪ್ಪ ಉಣ್ಣುವವರೆಗೆ ಬೀಗರು ಉಣ್ಣುವುದಿಲ್ಲ. ಬೀಗರು ಉಣ್ಣುವವರೆಗೆ ಅತ್ತೆಯೂ ಉಣ್ಣುವಂತಿಲ್ಲ. ರಸಾಯನಶಾಸ್ತ್ರದಲ್ಲಿ ಇದನ್ನು ಸಮತೋಲನ ಸ್ಥಿತಿ ಎನ್ನುತ್ತೇವೆ. ಹೊರಗಿನಿಂದ ಯಾರೂ ಕೈಹಾಕದಿದ್ದರೆ ಅದು ಅನಂತಕಾಲ ಮುಂದುವರಿಯುತ್ತದೆ. ಆದರೆ ಮಂಟಪದಲ್ಲಿ ಸಂಜೆಗೆ ಬೇರೊಬ್ಬರ ಆರತಕ್ಷತೆ ಇತ್ತು. ಮ್ಯಾನೇಜರ್ ಶಿವರಾಜ್ ಓಡಿಬಂದರು.

“ಮೇಡಂ, ಹೂವಿನವರು ಗೇಟಲ್ಲಿ ನಿಂತವ್ರೆ. ನಿಮ್ಮಲ್ಲಿ ಯಾರಾದ್ರೂ ಒಬ್ರು ಉಣ್ಣಿ ಮೇಡಂ. ಯಾರಾದ್ರೂ ಪರವಾಗಿಲ್ಲ. ಬೇಕಾದ್ರೆ ನಾನೇ ಉಣ್ತೀನಿ.”

ಬೀಗರ ಕಡೆಯಿಂದ ಸಂಧಾನಕ್ಕೆ ಎದ್ದವರು ಜಯದೇವಪ್ಪ. ಅವರು ಮದುಮಗನ ದೊಡ್ಡಪ್ಪ, ನಿವೃತ್ತ ತಹಶೀಲ್ದಾರರು. ಕುರ್ಚಿಯನ್ನು ಅಪ್ಪನ ಎದುರಿಗೇ ಎಳೆದು ಹಾಕಿಸಿಕೊಂಡು, ಗಂಟಲು ಸರಿಪಡಿಸಿಕೊಂಡರು.

“ನೋಡಿ ಸೋಮನಾಥ್ ಅವರೇ, ಕೆರೆ ಒತ್ತುವರಿಯಂಥ ಕೇಸುಗಳನ್ನೇ ಮಾತಲ್ಲಿ ಮುಗಿಸಿದೀನಿ. ನಿಮ್ಮ ಬೇಡಿಕೆ ಏನು ಅಂತ ಹೇಳಿಬಿಡಿ.”

ಅಪ್ಪ ಮುಗುಳ್ನಕ್ಕರು.

ಜಯದೇವಪ್ಪನವರು ತಮ್ಮ ಬಳಗದ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ದೊಡ್ಡದೇ ಇರಬೇಕು.”

ಕೂಡಲೇ ರೇವಂತನನ್ನು ವೇದಿಕೆಯಿಂದ ಇಳಿಸಿ ತರಲಾಯಿತು. ಪೇಟ ಸರಿಪಡಿಸಿಕೊಳ್ಳುತ್ತಾ ಅವನು ಅಪ್ಪನ ಕಾಲಿಗೆ ಬಿದ್ದ. ಅಪ್ಪ ಅವನ ಭುಜ ಹಿಡಿದು ಎತ್ತಿದರು.

“ನೀನು ಉಂಡ್ಯೇನಪ್ಪಾ?”

“ಇಲ್ಲ ಮಾವ.”

“ಹೋಗು, ಮೊದ್ಲು ನೀನು ಉಣ್ಣು.”

ಇದಕ್ಕಿಂತ ಪ್ರೀತಿಯ ಮಾತನ್ನು ಆ ದಿನ ಆ ಮಂಟಪದಲ್ಲಿ ಯಾರೂ ಆಡಿರಲಿಲ್ಲ. ಆದರೆ ಕುರ್ಚಿಗಳ ಕಡೆಯಿಂದ ಹೆಂಗಸೊಬ್ಬರ ಉಸಿರು ಕೇಳಿಸಿತು: “ಅಯ್ಯೋ ಶಿವನೇ! ನೀನೇ ಉಣ್ಣು ಅಂದುಬಿಟ್ರಲ್ಲ, ಮದುಮಗನ ಮುಖಕ್ಕೇ!”

ಆಗ ಅತ್ತೆ ಬಂದರು.

ಸೊಂಟದಲ್ಲಿ ಬೀಗದ ಕೈಗೊಂಚಲು, ರೇಷ್ಮೆ ಸೀರೆಯ ಸೆರಗು ಬೆವರಿಗೆ ಹೆಗಲಿಗೆ ಅಂಟಿತ್ತು. ಬೆಳಗಿನಿಂದ ಅವರು ಕುಳಿತದ್ದನ್ನು ನಾನು ನೋಡಿರಲಿಲ್ಲ. ಬೀಗರನ್ನು ದಾಟಿ, ಜಯದೇವಪ್ಪನವರ ಕುರ್ಚಿಯನ್ನು ದಾಟಿ, ಅಪ್ಪನ ಎದುರು ಬಂದು ನಿಂತರು. ನಾನು ಅಭ್ಯಾಸಬಲದಿಂದ ಇಬ್ಬರ ನಡುವೆ ಹೋಗಿ ನಿಂತೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು.

“ಸೋಮೂ, ಆವತ್ತಿಂದಕ್ಕೆ ಇವತ್ತು ಉತ್ತರ ಕೊಡ್ತಿದೀಯೇನೋ? ನಾನು ನಿನ್ನ ಮನೇಲಿ ಉಣ್ಣದೆ ಬಂದೆ ಅಂತ, ನನ್ನ ಮಗಳ ಮದುವೇಲಿ ಹೊಟ್ಟೆ ಕಟ್ಕೊಂಡು ನಿಂತಿದೀಯಾ? ಇಷ್ಟು ಜನದ ಎದುರಿಗೆ?”

ಅಪ್ಪ ನಗಲು ಪ್ರಯತ್ನಿಸಿದರು. ತುಟಿ ಬದಿಗೆ ಹೋಯಿತು, ಅಲ್ಲಿ ನಿಲ್ಲಲಿಲ್ಲ.

“ಅಲ್ಲ ಅಕ್ಕಾ… ಪುಸ್ತಕದಲ್ಲಿ…”

“ಪುಸ್ತಕದಲ್ಲಾ? ಅಕ್ಕನ ಮರ್ಯಾದೆ ಬೀದಿಗೆ ತರೋದು ಹೇಗೆ ಅಂತ ಬರೆದಿರೋ ಪುಸ್ತಕ ಯಾವುದೋ ಅದು?”

“ಇಲ್ಲಿಂದ ಯಾರೂ ಉಣ್ಣದೆ ಹೋಗಬಾರದು ಅಂತ ನಿಂತಿದೀನಿ ಅಕ್ಕಾ,” ಎಂದರು ಅಪ್ಪ. ಕಟ್ಟಿದ್ದ ಕೈ ಬಿಚ್ಚಿಕೊಂಡಿತ್ತು. “ಆವತ್ತು ನಾನು ಒಳಗೆ ಕೂತುಬಿಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದಿದ್ರೆ ನೀನು ಹೋಗೋದು ಕಾಣ್ತಿತ್ತು.”

ಕರೆಪ್ಪನವರ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅತ್ತೆ ಸ್ವಲ್ಪ ಹೊತ್ತು ತಮ್ಮನ ಮುಖವನ್ನೇ ನೋಡಿದರು. ನಂತರ ಸೆರಗಿನಿಂದ ಮುಖ ಒರೆಸಿಕೊಂಡು, ಬೀಗರ ಕಡೆ ತಿರುಗಿದರು.

“ಬೀಗರೇ, ಏಳಿ, ಎಲೆ ಆರ್ತಿದೆ. ನಮ್ಮ ಸೋಮೂಗೆ ಕೋಪ ಇಲ್ಲ. ಬುದ್ಧಿ ಇಲ್ಲ, ಅಷ್ಟೇ.”

ಶಂಭುಲಿಂಗಪ್ಪನವರ ಮುಖ ಅರಳಿತು. “ಅಷ್ಟೇನಾ? ಮೊದ್ಲೇ ಹೇಳಬಾರದಾ! ನಮ್ಮ ಮನೇಲೂ ಇದಾರೆ,” ಎಂದು ಅವರು ಯಾವ ಕಾರಣಕ್ಕೋ ಜಯದೇವಪ್ಪನವರ ಕಡೆ ನೋಡಿ, ಎದ್ದು ಒಳನಡೆದರು.

ಬೀಗರ ಪಂಕ್ತಿ ಅಮೋಘವಾಗಿ ನಡೆಯಿತು. ಹಸಿವು ಒಬ್ಬಟ್ಟಿನ ಬಳಕೆಯ ಮೇಲೆ ಬೀರುವ ಪರಿಣಾಮವನ್ನು ಕರೆಪ್ಪ ಅಡುಗೆಮನೆಯ ಬಾಗಿಲಿನಿಂದ ಕಳವಳದಿಂದ ವೀಕ್ಷಿಸುತ್ತಿದ್ದರು. ಅದು ಮುಗಿದದ್ದೇ ರಾಹುಕಾಲದ ಭಯ ಆರಂಭವಾಯಿತು. ಹೆಣ್ಣು ಒಪ್ಪಿಸುವ ಶಾಸ್ತ್ರವನ್ನು ಅವಸರದಲ್ಲಿಯೇ ಮಾಡಬೇಕಾಯಿತು. ಸಂಗೀತಾ ಅತ್ತೆಯ ಹೆಗಲಲ್ಲಿ ಮುಖವಿಟ್ಟು ಅತ್ತಳು. ಹೂವಿನ ಕಾರು ಗೇಟಿನಲ್ಲಿ ಸಂಜೆಯ ಸಮಾರಂಭದ ಹೂವಿನ ಟೆಂಪೋಗೆ ದಾರಿ ಬಿಟ್ಟುಕೊಟ್ಟು, ಮುಖ್ಯರಸ್ತೆಯ ಬಸ್ಸುಗಳ ನಡುವೆ ಸೇರಿಹೋಯಿತು. ಅತ್ತೆ ಅದು ಕಾಣಿಸದಾದ ಮೇಲೂ ರಸ್ತೆಯನ್ನೇ ನೋಡುತ್ತಾ ನಿಂತರು.

ನೆಂಟರೆಲ್ಲ ಕರಗಿದರು. ಮೇಲೆ ಊಟದ ಹಾಲಿನಲ್ಲಿ ಶಿವರಾಜ್ ಅವರ ಹುಡುಗರು ಮೇಜಿನ ಕಾಗದವನ್ನು ಸುತ್ತತೊಡಗಿದ್ದರು. ಅತ್ತೆ ಮೆಟ್ಟಿಲು ಹತ್ತಿ ಬಂದು, ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು.

“ಶ್ರೀದೇವಿ, ಸಾಮಾನು ನೋಡ್ಕೊಂಡು ಬಾ. ನಾನು ಆಟೋ ಹಿಡೀತೀನಿ. ಹಸಿವಿಲ್ಲ ನನಗೆ.”

ಅಪ್ಪ ಅದೇ ಬಾಗಿಲಲ್ಲಿ ನಿಂತಿದ್ದರು. ಈ ಸಲ ಕೈ ಕಟ್ಟಿರಲಿಲ್ಲ, ನಕ್ಕಿರಲಿಲ್ಲ. ದಾರಿಗೆ ಅಡ್ಡವಾಗಿ ನಿಂತಿದ್ದರು, ಅಷ್ಟೇ.

“ಅಕ್ಕಾ, ಊಟಕ್ಕೆ ಏಳು.”

ಅತ್ತೆ ಈಗಾಗಲೇ ನಿಂತೇ ಇದ್ದುದರಿಂದ ಈ ಸೂಚನೆಯಲ್ಲಿ ತಾರ್ಕಿಕ ದೋಷವಿತ್ತು. ಯಾರೂ ಅದನ್ನು ಎತ್ತಿ ತೋರಿಸಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ನಡೆದರು.

ಆ ವಿಶಾಲವಾದ ಹಾಲಿನಲ್ಲಿ ಎರಡು ಎಲೆಗಳನ್ನು ಅಕ್ಕಪಕ್ಕ ಹಾಕಿದೆ. ಕರೆಪ್ಪ ಬಂದು ತಲೆ ಕೆರೆದುಕೊಂಡರು.

“ಒಬ್ಬಟ್ಟು ಪೂರ್ತಿ ಖಾಲಿ ಸಾರ್. ಬೀಗರು ಸಖತ್ತಾಗಿ ಬಾರಿಸಿಬಿಟ್ರು. ಅನ್ನ, ತಿಳಿಸಾರು, ಮಜ್ಜಿಗೆ ಇದೆ. ಹಪ್ಪಳ ಒಂದೇ ಒಂದು ಉಳಿದಿದೆ. ಸೋದರಮಾವ ನೀವು, ನಿಮಗೇ ಹಾಕ್ತೀನಿ.”

ಬೆಳಗಿನಿಂದ ಒಬ್ಬಟ್ಟನ್ನು ಹಿಂಬಾಲಿಸಿದ್ದ ಆ ಮುಖ ಒಂದಿಷ್ಟು ಬಾಡಿದ್ದನ್ನು ನಾನು ಕಂಡೆ. ಆದರೆ ಅಪ್ಪ ಹಪ್ಪಳವನ್ನು ಎತ್ತಿ ಎಲೆಯ ಅಂಚಿಗೆ, ಅತ್ತೆ ಕೂತಿದ್ದ ಬದಿಗೆ, ಇಟ್ಟರು.

ಇಬ್ಬರೂ ತಲೆ ತಗ್ಗಿಸಿ ಕಲಸುತ್ತಿದ್ದರು. ಅತ್ತೆಯ ಕೈ ಅನ್ನದಲ್ಲಿಯೇ ನಿಂತಿತು.

“ಸಂಗೀತಾ ಸರಿಯಾಗಿ ಉಂಡ್ಲೋ ಇಲ್ವೋ. ನನಗೆ ನೋಡೋಕೇ ಆಗ್ಲಿಲ್ಲ.”

“ಉಂಡ್ಲು. ನಾನು ನೋಡ್ತಿದ್ನಲ್ಲ,” ಎಂದರು ಅಪ್ಪ. “ಬೀಗರ ಪಂಕ್ತೀಲೇ, ಅಳಿಯಂದಿರ ಪಕ್ಕ ಕೂತಿದ್ಲು. ಒಬ್ಬಟ್ಟು ಎರಡನೇ ಸಲ ಹಾಕಿಸ್ಕೊಂಡ್ಲು. ಪಲ್ಯ ಬಿಟ್ಲು. ಮಜ್ಜಿಗೆ ಬೇಡ ಅಂದ್ಲು, ನಾನೇ ಹೋಗಿ ಅರ್ಧ ಲೋಟ ಕುಡಿಸ್ದೆ.”

ಅತ್ತೆ ಹೂಂಗುಟ್ಟಿದರು. ತುತ್ತು ಬಾಯಿಗೆ ಹೋಯಿತು. ಇನ್ನೊಂದು ಹೋಯಿತು. ಶಿವರಾಜ್ ಅವರ ಹುಡುಗರು ಕಾಗದವನ್ನು ಸುತ್ತಿಕೊಂಡು ಪಕ್ಕದ ಮೇಜಿನವರೆಗೆ ಬಂದು, ಅಪ್ಪನನ್ನು ಗುರುತಿಸಿ, ಏನಾದರೂ ಮತ್ತೆ ಆರಂಭವಾದೀತೆಂದು ದೂರದಲ್ಲಿಯೇ ನಿಂತರು. ಅಪ್ಪ ಮಜ್ಜಿಗೆ ಅನ್ನದ ಕೊನೆಯ ತುತ್ತನ್ನು ನಿಧಾನವಾಗಿ, ಅನಗತ್ಯವೆನಿಸುವಷ್ಟು ನಿಧಾನವಾಗಿ ಕಲಸುತ್ತಿದ್ದರು. ಕಣ್ಣು ಎಲೆಯ ಅಂಚಿನತ್ತ ಹೋಗದಂತೆ ಅವರು ವಹಿಸುತ್ತಿದ್ದ ಎಚ್ಚರಿಕೆಯನ್ನು ನಾನು ಎದುರು ಸಾಲಿನಲ್ಲಿ ಕೂತು ಗಮನಿಸಿದೆ.

ಅತ್ತೆಯ ಎಡಗೈ ಮೇಜಿನ ಮೇಲೆ ಜರುಗಿತು. ಹಪ್ಪಳ ಮೆತ್ತಗಾಗಿದ್ದರಿಂದ ಮುರಿದರೂ ಸದ್ದಾಗಲಿಲ್ಲ.

“ಅಕ್ಕಾ, ಅದು ನಂದು!”

ಅದು ನಿವೃತ್ತ ನೌಕರನೊಬ್ಬನ ಧ್ವನಿಯಾಗಿರಲಿಲ್ಲ.

“ಗೊತ್ತು,” ಎಂದರು ಅತ್ತೆ, ಬಾಯ್ತುಂಬ.